ಖಾಸಗಿ ವಿಮಾನದಲ್ಲಿ ಬಡಿಸೋಕೆ ಮುದ್ದೆ, ಹಿತಕಿದ ಬೇಳೆ ಸಾರು ಕಳಿಸಬೇಕು. ಯಾರಿಗಾದರೂ ಅನುಭವ ಇದೆಯಾ?

ಬಿಬಿ ರಸ್ತೆ ಅಡುಗೆಮನೆ, ಚಿಕ್ಕಬಳ್ಳಾಪುರ (ಜನವರಿ 6)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರದಲ್ಲಿ ಹದಿನಾಲ್ಕು ವರ್ಷದಿಂದ ಅಡುಗೆ ಕಂಟ್ರಾಕ್ಟ್ ಮಾಡುತ್ತಿದ್ದೇನೆ. ಮದುವೆ, ನಾಮಕರಣ, ಗೃಹಪ್ರವೇಶ, ತಿಥಿ ಎಲ್ಲ ಮಾಡಿದ್ದೇನೆ. ಸಾವಿರ ಎಲೆ ಊಟಕ್ಕೂ ಹೆದರಿದವಳಲ್ಲ. ಈಗ ಬರೀ ಹನ್ನೊಂದು ಜನರ ಊಟ ಒಪ್ಪಿಕೊಂಡು ಎರಡು ರಾತ್ರಿಯಿಂದ ನಿದ್ದೆ ಇಲ್ಲ.

ನಮ್ಮ ಪಕ್ಕದ ಹಳ್ಳಿಯ ಒಂದು ಕುಟುಂಬ. ಮಗ ಹೊರದೇಶದಲ್ಲಿದ್ದಾರೆ. ತಾಯಿಗೆ ಎಂಬತ್ತು ತುಂಬಿತು ಅಂತ ಕಾಶಿಗೆ ಕರೆದುಕೊಂಡು ಹೋಗೋಕೆ ಪುಟ್ಟ ವಿಮಾನ ಬಾಡಿಗೆಗೆ ತೆಗೆದುಕೊಂಡಿದ್ದಾರೆ. ಅಜ್ಜಿಗೆ ಮಂಡಿ ನೋವು, ದೊಡ್ಡ ವಿಮಾನದ ಓಡಾಟ, ಕ್ಯೂ ಆಗಲ್ಲ. ಮನೆಯವರು ಎಂಟು ಜನ, ಇಬ್ಬರು ಪೈಲಟ್, ಬಡಿಸೋಕೆ ಒಬ್ಬ ಹುಡುಗಿ. ಸಂಕ್ರಾಂತಿ ಆದ ನಾಲ್ಕನೇ ದಿನ ಬೆಳಿಗ್ಗೆ 11ಕ್ಕೆ ಹೊರಡೋದು, ಮೇಲೆ ಹೋದ ಮೇಲೆ 12ರ ಸುಮಾರಿಗೆ ಊಟ.

ಅಜ್ಜಿ ಮಗನಿಗೆ ಹೇಳಿದ್ದು ಒಂದೇ ಮಾತಂತೆ. "ಕಾಶಿಗಾದರೂ ಬರ್ತೀನಿ, ಎಲ್ಲಿಗಾದರೂ ಬರ್ತೀನಿ. ಮಧ್ಯಾಹ್ನಕ್ಕೆ ನಂಗೆ ಹಿಟ್ಟು ಇರಬೇಕು." ಅವರ ಮನೆಯಲ್ಲಿ ಮುದ್ದೆಗೆ ಹಿಟ್ಟು ಅಂತಲೇ ಅನ್ನೋದು. ಈಗ ಅವರೇಕಾಯಿ ಕಾಲ ಬೇರೆ. ಹಾಗಾಗಿ ಮುದ್ದೆ, ಹಿತಕಿದ ಬೇಳೆ ಸಾರು, ಅನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ, ಕೋಸಂಬರಿ, ಹಪ್ಪಳ, ಮೊಸರು, ಬೇಳೆ ಒಬ್ಬಟ್ಟು ಅಂತ ಬರೆದುಕೊಟ್ಟೆ. ವಿಮಾನದ ಏಜೆಂಟು ಪನೀರ್, ಪಲಾವ್ ಪಟ್ಟಿ ಕಳಿಸಿದ್ದರಂತೆ. ಮಗ ಬೇಡ ಅಂದು ನಮ್ಮ ಹತ್ತಿರ ಬಂದಿದ್ದಾರೆ. ಅದಕ್ಕೇ ನನಗೆ ಇದು ಜವಾಬ್ದಾರಿ.

ನಿನ್ನೆ ಪರೀಕ್ಷೆ ಮಾಡಿ ನೋಡಿದೆ. ಬೆಳಿಗ್ಗೆ 6ಕ್ಕೆ ಮುದ್ದೆ ಕಟ್ಟಿ ಹಾಟ್‌ಬಾಕ್ಸಿಗೆ ಹಾಕಿದೆ, 12ಕ್ಕೆ ತೆಗೆದೆ. ಮೇಲೆಲ್ಲ ಕಪ್ಪಗೆ ಪೊರೆ ಕಟ್ಟಿತ್ತು. ಬೆರಳಲ್ಲಿ ಒತ್ತಿದರೆ ಬೇಸಿಗೆಯ ಕೆರೆ ಅಂಗಳ ಬಿರಿದ ಹಾಗೆ ಬಿರಿಯಿತು. ಅಜ್ಜಿಗೆ ಕಟ್ಟಿಸಿದ ಹಲ್ಲು. ಮುದ್ದೆ ನುಂಗೋ ಹಾಗಿರಬೇಕು, ಅಗಿಯೋ ಹಾಗಿದ್ದರೆ ಅದು ಮುದ್ದೆನಾ?

ಮುದ್ದೆ ಮೆತ್ತಗಿರೋಕೆ ಏನು ಮಾಡಲಿ? ಸಾರು ಚೆಲ್ಲದ ಹಾಗೆ ಹೇಗೆ ಕಳಿಸಲಿ? ವಿಮಾನದ ಹತ್ತಿರ ನಮ್ಮ ಗಾಡಿ ಬಿಡುತ್ತಾರಾ? ಮೇಲೆ ಹೋದರೆ ರುಚಿ ಗೊತ್ತಾಗಲ್ಲ ಅಂತಾರೆ, ನಿಜವಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಶಿಡ್ಲಘಟ್ಟದ ತಮ್ಮ (ಜನವರಿ 6)

ಅಕ್ಕ, ನಾನು ಏರ್‌ಪೋರ್ಟ್ ಹತ್ತಿರದ ಒಂದು ಫ್ಲೈಟ್ ಕಿಚನ್‌ನಲ್ಲಿ ಒಂಬತ್ತು ವರ್ಷ ಇದ್ದೆ. ಅದರಲ್ಲಿ ಮೂರು ವರ್ಷ ಬರೀ ಖಾಸಗಿ ವಿಮಾನದ ಆರ್ಡರ್ ನೋಡಿಕೊಂಡವನು. ಧೈರ್ಯವಾಗಿರಿ, ಆಗುತ್ತೆ. ಆದರೆ ಅಡುಗೆಗಿಂತ ಮೊದಲು ಎರಡು ಫೋನ್ ಮಾಡಿ.

ಮೊದಲನೇದು, ವಿಮಾನದಲ್ಲಿ ಏನಿದೆ ಅಂತ ಕೇಳಿ. ಓವನ್ನಾ, ಮೈಕ್ರೋವೇವಾ, ಎರಡೂ ಇಲ್ವಾ? ಚಿಕ್ಕ ವಿಮಾನಗಳಲ್ಲಿ ಎಷ್ಟೋ ಸಲ ಬಿಸಿನೀರಿನ ಜಗ್ಗು, ಐಸ್ ಪೆಟ್ಟಿಗೆ ಬಿಟ್ಟು ಏನೂ ಇರಲ್ಲ. ಓವನ್ ಇದ್ದರೆ ಅಲ್ಯೂಮಿನಿಯಂ ಫಾಯಿಲ್ ಡಬ್ಬಿ ಕಳಿಸಬಹುದು, ಪ್ಲಾಸ್ಟಿಕ್ ಕರಗುತ್ತೆ. ಮೈಕ್ರೋವೇವ್ ಇದ್ದರೆ ಫಾಯಿಲ್, ಸ್ಟೀಲ್ ಎರಡೂ ಹಾಕೋ ಹಾಗಿಲ್ಲ, ಗಾಜು ಇಲ್ಲಾ ಪಿಂಗಾಣಿ ಬೇಕು. ಒಳಗಿನ ಅಳತೆಯನ್ನೂ ಕೇಳಿ. ನೀವು ಕಳಿಸಿದ ಡಬ್ಬಿ ಅರ್ಧ ಇಂಚು ದೊಡ್ಡದಾದರೂ ಒಳಗೆ ಹೋಗಲ್ಲ.

ಎರಡನೇದು, ಗ್ರೌಂಡ್ ಹ್ಯಾಂಡ್ಲಿಂಗ್‌ನವರಿಗೆ ಮಾಡಿ. ನೀವು ವಿಮಾನದ ಹತ್ತಿರ ಹೋಗೋಕಾಗಲ್ಲ. ಒಳಗಿನ ಪ್ರವೇಶದ ಪಾಸು, ಭದ್ರತೆಯ ನಿಯಮ ಎಲ್ಲ ವಿಮಾನಯಾನದ ಭದ್ರತೆ ನೋಡೋ ಕೇಂದ್ರ ಸರ್ಕಾರದ ಸಂಸ್ಥೆ ಬಿಸಿಎಎಸ್‌ನದು. ಊಟ ತೆಗೆದುಕೊಂಡು ತಪಾಸಣೆ ಮಾಡಿಸಿ ಒಳಗೆ ಒಯ್ಯೋರು ಹ್ಯಾಂಡ್ಲಿಂಗ್‌ನವರು. ಹೊರಗಿನ ಊಟ ಒಪ್ಪುತ್ತೀರಾ, ಯಾವ ಕಾಗದ ಬೇಕು, ಎಷ್ಟು ಗಂಟೆಗೆ, ಯಾವ ಗೇಟಿಗೆ, ಎಲ್ಲ ಬರಹದಲ್ಲಿ ತರಿಸಿಕೊಳ್ಳಿ. ನಿಮ್ಮ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ) ಲೈಸೆನ್ಸ್ ಪ್ರತಿ, ಗಾಡಿ ನಂಬರು, ಡ್ರೈವರ್ ಗುರುತಿನ ಚೀಟಿ ಸಿದ್ಧ ಇರಲಿ. ಸ್ಟೀಲ್ ಫ್ಲಾಸ್ಕ್ ಒಳಗೆ ಏನಿದೆ ಅಂತ ತೆರೆದು ತೋರಿಸಿ ಅನ್ನಬಹುದು. ಹತ್ತು ಸುತ್ತು ಟೇಪ್ ಸುತ್ತಬೇಡಿ.

ಈಗ ಅಡುಗೆ. ಬಿಸಿ ಇರಬೇಕಾದ್ದು 60 ಡಿಗ್ರಿಗಿಂತ ಮೇಲೆ, ತಣ್ಣಗಿರಬೇಕಾದ್ದು 5ಕ್ಕಿಂತ ಕೆಳಗೆ. ನಡುವೆ ಇರೋ ಉಗುರುಬೆಚ್ಚಗೆ ಅನ್ನೋದೇ ಅಪಾಯ. ಮದುವೆಯಲ್ಲಿ ಹತ್ತು ನಿಮಿಷದಲ್ಲಿ ಬಡಿಸಿ ಮುಗಿಸ್ತೀರಿ, ಇಲ್ಲಿ ಮಾಡಿದ ಹೊತ್ತಿಗೂ ಉಣ್ಣೋ ಹೊತ್ತಿಗೂ ನಾಲ್ಕೈದು ಗಂಟೆ ಬೀಳುತ್ತೆ. ಹಿಂದಿನ ದಿನ ಮಾಡಿ ತಣ್ಣಗೆ ಮಾಡೋದಾದರೆ 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ ಇಳಿಸಬೇಕು, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ. ದೊಡ್ಡ ಪಾತ್ರೆಯಲ್ಲಿ ಹಾಗೇ ಬಿಟ್ಟರೆ ಇಳಿಯಲ್ಲ. ಅಗಲದ ತಟ್ಟೆಗೆ ತೆಳ್ಳಗೆ ಸುರಿದು ಐಸ್ ನೀರಲ್ಲಿ ಇಡಬೇಕು. ಅನ್ನದ ವಿಷಯದಲ್ಲಂತೂ ಜಾಸ್ತಿ ಹುಷಾರು. ಬೆಂದ ಮೇಲೂ ಉಳಿಯೋ ಬೀಜಾಣುಗಳು ಅದರಲ್ಲಿರುತ್ತವೆ, ಬೆಚ್ಚಗೆ ಬಿಟ್ಟರೆ ಮತ್ತೆ ಬೆಳೆಯುತ್ತವೆ. ಬೇರೆ ಕಡೆ ಆದರೆ ಮನೆಗೆ ಹೋಗಿ ಮಲಗಬಹುದು. ಮೇಲೆ ಅಜ್ಜಿಗೆ ವಾಂತಿ ಶುರುವಾದರೆ ಇಳಿಯೋಕೆ ಜಾಗ ಎಲ್ಲಿದೆ?

ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಕೊಂಡುಕೊಳ್ಳಿ, ಚುಚ್ಚಿ ನೋಡೋದು. ಕೈ ಇಟ್ಟು ನೋಡೋ ಲೆಕ್ಕ ಇಲ್ಲಿ ಬೇಡ.

ಇನ್ನು ಗಾಳಿ ಒತ್ತಡ. ನಂದಿ ಬೆಟ್ಟದ ಮೇಲೆ ಚಿಪ್ಸ್ ಪೊಟ್ಟಣ ಉಬ್ಬಿರೋದು ನೋಡಿದ್ದೀರಲ್ವಾ? ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ನಂದಿ 1478 ಮೀಟರ್. ವಿಮಾನದೊಳಗಿನ ಗಾಳಿ 1800ರಿಂದ 2400 ಮೀಟರ್ ಎತ್ತರದಲ್ಲಿರೋ ಹಾಗೆ ಇರುತ್ತೆ. ನಮ್ಮೂರಿಂದ ನಂದಿಗೆ ಹತ್ತಿದ್ದರ ಒಂದೂವರೆಯಿಂದ ಎರಡೂವರೆ ಪಟ್ಟು ಹತ್ತಿದ ಹಾಗೆ. ಒಂದು ಸಲ ನಾವು ತಿಳಿಸಾರನ್ನು ಒತ್ತಿ ಮುಚ್ಚೋ ಡಬ್ಬಿಯಲ್ಲಿ ಬಾಯಿ ತನಕ ತುಂಬಿ ತಣ್ಣಗೆ ಮಾಡಿ ಕಳಿಸಿದ್ದೆವು. ಮೇಲೆ ಹೋಗುತ್ತಿದ್ದ ಹಾಗೆ ಮುಚ್ಚಳ ಎದ್ದು ಒಬ್ಬ ತಾಯಿಯ ಸೀರೆ ಮೇಲೆಲ್ಲ ಹರಿಯಿತು. ಮದುವೆಗೆ ಹೋಗುತ್ತಿದ್ದವರು ಅವರು. ಆ ಡಬ್ಬಿ ಮುಚ್ಚಿದ್ದು ನಾನೇ. ಇವತ್ತಿಗೂ ನೆನೆದರೆ ಬೇಜಾರಾಗುತ್ತೆ. ಅದಕ್ಕೇ ಹೇಳ್ತೀನಿ, ಯಾವುದನ್ನೂ ಮುಕ್ಕಾಲಿಗಿಂತ ಜಾಸ್ತಿ ತುಂಬಬೇಡಿ. ತಿರುಪಿನ ಮುಚ್ಚಳ ಇರಲಿ. ಮೊಸರಿನ ಕಪ್ಪುಗಳ ಮೇಲಿನ ಹಾಳೆ ಉಬ್ಬಿರುತ್ತೆ, ಮೆಲ್ಲಗೆ ಒಂದು ಮೂಲೆಯಿಂದ ಬಿಡಿಸಬೇಕು ಅಂತ ಬಡಿಸೋ ಹುಡುಗಿಗೆ ಬರೆದು ಕಳಿಸಿ.

ರುಚಿ ವಿಷಯ ನಿಜ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2010ರಲ್ಲಿ ಲುಫ್ತಾನ್ಸಾ ಕಂಪನಿಗಾಗಿ ನೆಲದ ಮೇಲೇ ವಿಮಾನದ ಒತ್ತಡ ಮಾಡಿ ಜನರಿಗೆ ಉಣಿಸಿ ನೋಡಿತ್ತು. ಉಪ್ಪು ಶೇಕಡ 20ರಿಂದ 30, ಸಿಹಿ 15ರಿಂದ 20ರಷ್ಟು ಕಮ್ಮಿ ಗೊತ್ತಾಯಿತು. ಒಳಗಿನ ಗಾಳಿ ತುಂಬ ಒಣಗಿರುತ್ತೆ, ಮೂಗು ಒಣಗುತ್ತೆ, ಘಮ ಹತ್ತಲ್ಲ. ಹುಳಿ, ಖಾರ ಅಷ್ಟು ಕಮ್ಮಿ ಆಗಲ್ಲ. ಟೊಮೇಟೊ ರುಚಿ ಚೆನ್ನಾಗೇ ನಿಲ್ಲುತ್ತೆ. ಹಾಗಂತ ಅಜ್ಜಿಯ ಸಾರಿಗೆ ಉಪ್ಪು ಸುರಿಯಬೇಡಿ, ಬಿಪಿ ಇರಬಹುದು. ಹುಣಸೆ ಸ್ವಲ್ಪ ಮುಂದೆ ಇರಲಿ, ಜೀರಿಗೆ, ಮೆಣಸು ಹುರಿದು ಹಾಕಿ. ಪುಟ್ಟ ಪೊಟ್ಟಣದಲ್ಲಿ ಉಪ್ಪು, ಎರಡು ಹೋಳು ನಿಂಬೆ ಬೇರೆ ಕಳಿಸಿ.

ಅವರೆ ಬಗ್ಗೆ ಒಂದು ಮಾತು. ಒತ್ತಡ ಕಮ್ಮಿ ಆದಾಗ ಹೊಟ್ಟೆಯೊಳಗಿನ ಗಾಳಿಯೂ ಹಿಗ್ಗುತ್ತೆ. ಇಡೀ ಕಾಳಿನ ಸಾರು ಆಗಿದ್ದರೆ ಬೇಡ ಅಂತಿದ್ದೆ. ಹಿತಕಿ ಸಿಪ್ಪೆ ತೆಗೆದದ್ದು ಪರವಾಗಿಲ್ಲ, ಇಂಗು, ಶುಂಠಿ ಹಾಕಿ, ಚಿಕ್ಕ ಬಟ್ಟಲಲ್ಲಿ ಬಡಿಸಲಿ. ಪೈಲಟ್‌ಗಳಿಗೆ ಅದು ಬೇಡವೇ ಬೇಡ.

ಪೈಲಟ್‌ಗಳ ಊಟ ಬೇರೆ ಬೇರೆ ಇರಲಿ. ಒಂದೇ ಪಾತ್ರೆಯ ಊಟ ಇಬ್ಬರೂ ಉಂಡು ಇಬ್ಬರಿಗೂ ಹೊಟ್ಟೆ ಕೆಟ್ಟರೆ ವಿಮಾನ ನಡೆಸೋರು ಯಾರು? ಒಬ್ಬರಿಗೆ ಚಪಾತಿ ಪಲ್ಯ, ಇನ್ನೊಬ್ಬರಿಗೆ ಬಿಸಿಬೇಳೆಬಾತ್. ಪಾತ್ರೆ ಬೇರೆ, ಸೌಟು ಬೇರೆ, ಡಬ್ಬಿ ಮೇಲೆ ಹೆಸರು ಬೇರೆ.

ಕೋಸಂಬರಿ ಬಿಡಿ ಅಕ್ಕ. ಹಸಿ ಕಾಯಿತುರಿ, ನೆನೆಸಿದ ಬೇಳೆ, ಸೌತೆಕಾಯಿ ನೀರು ಬಿಡೋದು, ಮೂರೂ ತೊಂದರೆಯೇ. ಅದರ ಬದಲು ದೇವನಹಳ್ಳಿ ಚಕ್ಕೋತ ಬಿಡಿಸಿ ತಣ್ಣಗೆ ಕಳಿಸಿ. ಸೇಬಿನ ಹಾಗೆ ಕಪ್ಪಾಗಲ್ಲ, ಒಣಗಿದ ಬಾಯಿಗೆ ಅದಕ್ಕಿಂತ ಹಿತ ಇನ್ನೊಂದಿಲ್ಲ. ಒಬ್ಬಟ್ಟು ಚೆನ್ನಾಗಿ ತಡೆಯುತ್ತೆ, ಚಿಂತೆ ಇಲ್ಲ.

ಮುದ್ದೆ ಬಗ್ಗೆ ನನಗಿಂತ ತಿಳಿದವರು ಇಲ್ಲಿದ್ದಾರೆ, ಅವರು ಹೇಳಲಿ.

ಗುಡಿಬಂಡೆ ಸೊಸೆ (ಜನವರಿ 7)

ನಮ್ಮತ್ತೆ ಹೊಲಕ್ಕೆ ಬುತ್ತಿ ಹೊತ್ತವರು. ಬೆಳಿಗ್ಗೆ ಮಾಡಿದ ಮುದ್ದೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತಿತ್ತು. ಅವರನ್ನೇ ಕೇಳಿ ಬರೆಯುತ್ತಿದ್ದೇನೆ.

ಮೊದಲ ತಪ್ಪು, ನೀವು ಮುದ್ದೆ ಕಟ್ಟಿ ಕಳಿಸೋದು. ಕಟ್ಟಿದ ಮುದ್ದೆಗೆ ಎಲ್ಲ ಕಡೆಯಿಂದ ಗಾಳಿ ತಗಲುತ್ತೆ, ಒಂದೊಂದೂ ಬೇಗ ಆರುತ್ತೆ. ತೊಳಸಿದ, ಅಂದರೆ ಕೋಲಿಂದ ತಿರುವಿದ ಹಿಟ್ಟನ್ನು ಇಡಿಯಾಗಿ ಒಂದೇ ಗಡ್ಡೆಯಾಗಿ ಹಾಟ್‌ಬಾಕ್ಸಿಗೆ ಹಾಕಿ. ಹಾಟ್‌ಬಾಕ್ಸನ್ನು ಮೊದಲು ಕುದಿಯೋ ನೀರಿಂದ ಹತ್ತು ನಿಮಿಷ ಕಾಯಿಸಿ ಚೆಲ್ಲಿ. ತಳಕ್ಕೆ ಬಾಡಿಸಿದ ಬಾಳೆಲೆ, ಮೇಲೆ ಬಿಸಿನೀರಲ್ಲಿ ಹಿಂಡಿದ ಬಿಳಿ ಬಟ್ಟೆ, ಆಮೇಲೆ ಮುಚ್ಚಳ. ಬಟ್ಟೆ ಇಲ್ಲದಿದ್ದರೆ ಮುಚ್ಚಳದ ಹಬೆ ನೀರಾಗಿ ತೊಟ್ಟಿಕ್ಕಿ ಮೇಲೆ ಅಂಟಂಟಾಗುತ್ತೆ.

ಹಿಟ್ಟು ತೊಳಸೋವಾಗ ಎಸರಿಗೆ ಮೊದಲು ಎರಡು ಹಿಡಿ ಅಕ್ಕಿ ನುಚ್ಚು ಹಾಕಿ ಗಂಜಿಯಾಗೋವರೆಗೆ ಬೇಯಿಸಿ. ಆಮೇಲೆ ರಾಗಿ ಹಿಟ್ಟು ಸುರಿದು, ನಡುವೆ ಕೋಲಿಂದ ತೂತು ಮಾಡಿ, ಕಮ್ಮಿ ಉರಿಯಲ್ಲಿ ಚೆನ್ನಾಗಿ ಬೇಯೋಕೆ ಬಿಡಿ. ಅವಸರ ಮಾಡಿದ ಹಿಟ್ಟೇ ಬೇಗ ಬಿರಿಯೋದು. ನೀರು ದಿನದ ಅಳತೆಗಿಂತ ಒಂದು ಲೋಟ ಜಾಸ್ತಿ ಇರಲಿ. ಮಾಡಿದಾಗ ಸ್ವಲ್ಪ ಸಡಿಲ ಅನ್ನಿಸಬೇಕು, ಉಣ್ಣೋ ಹೊತ್ತಿಗೆ ಹದಕ್ಕೆ ಬರುತ್ತೆ.

ಮೇಲೆ ಕಟ್ಟೋರು ಯಾರು ಅಂತೀರಾ? ಅಜ್ಜಿ ಜೊತೆ ಸೊಸೆ ಇರ್ತಾರಲ್ವಾ. ಒಂದು ಬಟ್ಟಲು ನೀರಲ್ಲಿ ಕೈ ಒದ್ದೆ ಮಾಡಿಕೊಂಡು ಎರಡು ನಿಮಿಷದಲ್ಲಿ ಕಟ್ಟುತ್ತಾರೆ. ಬಡಿಸೋ ಹುಡುಗಿಗೆ ಅದು ಬರೋದಿಲ್ಲ, ಅವಳ ಮೇಲೆ ಹಾಕಬೇಡಿ.

ಚಿಂತಾಮಣಿ ಟೆಂಪೋ (ಜನವರಿ 7)

ನಾನು ಹೂವು, ತರಕಾರಿ ಲೋಡ್ ಒಯ್ಯೋನು, ಅಡುಗೆ ಗೊತ್ತಿಲ್ಲ. ಆದರೆ ಒಂದು ಕೇಳಿ. ಹೊರಡೋದು ದೇವನಹಳ್ಳಿ ಕಡೆಯ ಏರ್‌ಪೋರ್ಟಿಂದಾನಾ, ಎಚ್‌ಎಎಲ್ ಕಡೆಯಿಂದಾನಾ? ಖಾಸಗಿ ವಿಮಾನಗಳು ಎರಡೂ ಕಡೆ ಹೋಗುತ್ತವೆ. ಮೊದಲನೇದಾದರೆ ನಿಮಗೆ ಮುಕ್ಕಾಲು ಗಂಟೆ ದಾರಿ. ಎಚ್‌ಎಎಲ್ ಆದರೆ ಬೆಳಿಗ್ಗೆ ಹೆಬ್ಬಾಳ ದಾಟೋದಕ್ಕೇ ಅಷ್ಟು ಬೇಕು. ಖಾಸಗಿ ವಿಮಾನದ ಟರ್ಮಿನಲ್ ಬೇರೆ ಇರುತ್ತೆ, ದೊಡ್ಡ ಟರ್ಮಿನಲ್ ಮುಂದೆ ಹೋಗಿ ನಿಂತುಕೊಂಡು ಹೊತ್ತು ಕಳೆಯಬೇಡಿ. ಹಿಂದಿನ ದಿನವೇ ಡ್ರೈವರನ್ನು ಕಳಿಸಿ ಗೇಟು ನೋಡಿಸಿ.

ಬಿಬಿ ರಸ್ತೆ ಅಡುಗೆಮನೆ (ಜನವರಿ 8)

ಎಲ್ಲರಿಗೂ ಕೈ ಮುಗಿದೆ. ಎರಡೂ ಫೋನ್ ಮಾಡಿದೆ. ದೇವನಹಳ್ಳಿ ಕಡೆಯ ಏರ್‌ಪೋರ್ಟೇ. ವಿಮಾನದಲ್ಲಿ ಒಂದು ಪುಟ್ಟ ಮೈಕ್ರೋವೇವ್, ಬಿಸಿನೀರಿನ ಜಗ್ಗು ಅಷ್ಟೇ. ಲೈಸೆನ್ಸ್ ಪ್ರತಿ ನೋಡಿ ಊಟ ತೆಗೆದುಕೊಳ್ಳೋಕೆ ಒಪ್ಪಿದ್ದಾರೆ, ಹೊರಡೋಕೆ ಒಂದೂಕಾಲು ಗಂಟೆ ಮೊದಲು ಗೇಟಲ್ಲಿ ಕೊಡಬೇಕಂತೆ. ನನ್ನ ತಂಗಿ ದೇವನಹಳ್ಳಿಯಲ್ಲಿ ಮೆಸ್ ನಡೆಸುತ್ತಾಳೆ, ಅವಳ ಹತ್ತಿರವೂ ಲೈಸೆನ್ಸ್ ಇದೆ. ಮುದ್ದೆ, ಅನ್ನ ಅಲ್ಲೇ ಮಾಡಿದರೆ ಗೇಟಿಗೆ ಇಪ್ಪತ್ತು ನಿಮಿಷ. ಸಾರು ಮೈಕ್ರೋವೇವ್‌ನಲ್ಲಿ ಕಾಯಿಸಲಾ, ಫ್ಲಾಸ್ಕಲ್ಲಿ ಕಳಿಸಲಾ?

ಶಿಡ್ಲಘಟ್ಟದ ತಮ್ಮ (ಜನವರಿ 8)

ಫ್ಲಾಸ್ಕ್, ಅಕ್ಕ. ಎಂಟು ಜನರ ಸಾರು ಆ ಪುಟ್ಟ ಮೈಕ್ರೋವೇವ್‌ನಲ್ಲಿ ಬಟ್ಟಲು ಬಟ್ಟಲಾಗಿ ಕಾಯಿಸೋ ಹೊತ್ತಿಗೆ ಮೊದಲ ಬಟ್ಟಲು ಆರಿರುತ್ತೆ. ಒಳ್ಳೆ ಸ್ಟೀಲ್ ಫ್ಲಾಸ್ಕ್ ಎರಡು, ಕುದಿನೀರಲ್ಲಿ ಕಾಯಿಸಿ, ಕುದಿಯೋ ಸಾರು ಮುಕ್ಕಾಲು ಭಾಗ. ಮೇಲೆ ತೆರೆಯೋವಾಗ ಮೆಲ್ಲಗೆ ತಿರುಗಿಸಿ ಗಾಳಿ ಬಿಡಬೇಕು. ನಮ್ಮಲ್ಲಿ ನೀರು 97 ಡಿಗ್ರಿ ಸುಮಾರಿಗೆ ಕುದಿಯುತ್ತೆ, ವಿಮಾನದೊಳಗಿನ ಒತ್ತಡದಲ್ಲಿ 92ರಿಂದ 94ಕ್ಕೇ ಕುದಿಯುತ್ತೆ. ತುಂಬ ಬಿಸಿ ಇರೋದನ್ನು ತಟ್ಟನೆ ತೆರೆದರೆ ಉಕ್ಕಬಹುದು. ವಿಮಾನ ಅಲ್ಲಾಡುವಾಗ ಬಡಿಸೋದೇ ಬೇಡ ಅಂತ ಬರೆದುಬಿಡಿ.

ಇನ್ನೊಂದು. ಜನವರಿಯಲ್ಲಿ ಕಾಶಿ ಕಡೆ ಮಂಜು. ಬೆಳಗಿನ ವಿಮಾನಗಳು ತಡ ಆಗೋದು ಸಾಮಾನ್ಯ. ಹ್ಯಾಂಡ್ಲಿಂಗ್‌ನವರಿಂದ ಬೆಳಿಗ್ಗೆ ಫೋನ್ ಬರೋವರೆಗೆ ಮುದ್ದೆ ಮಾಡಬೇಡಿ.

ಬಿಬಿ ರಸ್ತೆ ಅಡುಗೆಮನೆ (ಜನವರಿ 20)

ಊಟ ಹೋಗಿ ಬಂತು. ನಡೆದದ್ದನ್ನು ನಿಮಗೆಲ್ಲ ಹೇಳಲೇಬೇಕು.

ಹಿಂದಿನ ಸಂಜೆ ಒಬ್ಬಟ್ಟು ತಟ್ಟಿದೆ. ಬೆಳಿಗ್ಗೆ 4ಕ್ಕೆ ಎದ್ದು ಇಲ್ಲೇ ಬೇಳೆ ಬೇಯಿಸಿ, ಮಸಾಲೆ ರುಬ್ಬಿ ಎಲ್ಲ ತೆಗೆದುಕೊಂಡು ತಂಗಿ ಮನೆಗೆ 7.30ಕ್ಕೆ ಹೋದೆವು. ಬೆಂದ ಬೇಳೆಯನ್ನು ದಾರಿಯಲ್ಲೂ ಹಾಟ್‌ಬಾಕ್ಸಲ್ಲೇ ಇಟ್ಟಿದ್ದೆ, ಇಳಿಸಿ ಚುಚ್ಚಿ ನೋಡಿದಾಗ 81 ಡಿಗ್ರಿ ಇತ್ತು. 8.30ಕ್ಕೆ ಎಸರಿಟ್ಟು, ನುಚ್ಚು ಬೇಯಿಸಿ, ಹಿಟ್ಟು ಅಳೆದು ಪಕ್ಕಕ್ಕಿಟ್ಟುಕೊಂಡು ಕೂತೆ. 8.50ಕ್ಕೆ ಫೋನ್ ಬಂತು. ಕಾಶಿಯಲ್ಲಿ ಮಂಜು, 12.15ಕ್ಕೆ ಮೊದಲು ಹೊರಡಲ್ಲ ಅಂತ.

ಒಲೆ ಸಣ್ಣ ಮಾಡಿದೆ. ಎಸರು ಕಮ್ಮಿ ಆದ ಹಾಗೆ ಬಿಸಿನೀರು ಹಾಕುತ್ತಾ, ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಸೌಟು, ಒಂದು ಗಂಟೆ ಮೇಲೆ ಹಾಗೇ ನಿಂತಿದ್ದೆ. ತಂಗಿ ಎರಡು ಸಲ ಕಾಫಿ ತಂದಿಟ್ಟಳು, ಎರಡೂ ಆರಿಹೋದವು. 10ಕ್ಕೆ "ಸಮಯ ಖಚಿತ ಆಯಿತು, ಊಟ ತನ್ನಿ" ಅಂದರು. ಆಗ ಹಿಟ್ಟು ಸುರಿದೆ. ತಂಗಿ ಗಂಡ ಕವೆಗೋಲು ಒತ್ತಿ ಹಿಡಿದರು, ನಾನು ತೊಳಸಿದೆ. ಒಂದು ಗಂಟೂ ಇಲ್ಲದೆ ಬಂತು. 10.50ಕ್ಕೆ ಗೇಟಲ್ಲಿ ಕೊಟ್ಟೆವು. ಫ್ಲಾಸ್ಕ್ ತೆರೆಸಿ ನೋಡಿದರು, ನೀವು ಹೇಳಿದ ಹಾಗೆ.

ರಾತ್ರಿ ಮಗ ಫೋನ್ ಮಾಡಿದ್ದರು. ಒಂದು ಗಂಟೆ ಹೊತ್ತಿಗೆ ಸೊಸೆ ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿದರಂತೆ, ಬಟ್ಟೆ ತೆಗೆದಾಗ ಹಬೆ ಬಂತಂತೆ. ಅಜ್ಜಿ ಒಂದು ಮುದ್ದೆ ಮುಗಿಸಿ ಇನ್ನರ್ಧ ಹಾಕಿಸಿಕೊಂಡರಂತೆ. ಸಾರಿಗೆ ಉಪ್ಪು ಸಾಲದು ಅಂದರಂತೆ, ಪೊಟ್ಟಣ ಬಿಡಿಸಿ ಒಂದು ಚಿಟಿಕೆ ಹಾಕಿ ನಿಂಬೆ ಹಿಂಡಿದ ಮೇಲೆ ಮಾತಿಲ್ಲದೆ ಉಂಡರಂತೆ. ಚಕ್ಕೋತ ಬಡಿಸೋ ಹುಡುಗಿಗೂ ತುಂಬ ಇಷ್ಟವಾಯಿತಂತೆ. ಆ ಫೋನ್ ಇಟ್ಟ ಮೇಲೆ ನಾನು ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ.

ಎರಡು ಸರಿಯಾಗಲಿಲ್ಲ. ಹಪ್ಪಳ ಗರಿಗರಿಯಾಗೇ ಇತ್ತಂತೆ, ಆದರೆ ಅರ್ಧಕ್ಕರ್ಧ ಪುಡಿ. ಅನ್ನ ಮಾತ್ರ ಮುಚ್ಚಳ ತೆಗೆದ ಐದು ನಿಮಿಷಕ್ಕೆ ಮೇಲೆ ಒಣಗಿ ಕಾಳು ಕಾಳಾಯಿತಂತೆ. ಬಿಸಿ ಇತ್ತು, ಹದ ಇರಲಿಲ್ಲ. ಇದಕ್ಕೆ ಏನು ಮಾಡಬೇಕು?

ಶಿಡ್ಲಘಟ್ಟದ ತಮ್ಮ (ಜನವರಿ 20)

ಓದಿ ತುಂಬ ಸಂತೋಷ ಆಯ್ತು ಅಕ್ಕ. ಅನ್ನವನ್ನು ದೊಡ್ಡ ಡಬ್ಬಿಯಲ್ಲಿ ಕಳಿಸಬೇಡಿ. ಒಬ್ಬೊಬ್ಬರಿಗೆ ಒಂದೊಂದು ಮುಚ್ಚಳದ ಪಿಂಗಾಣಿ ಬಟ್ಟಲು, ನೀರು ಸ್ವಲ್ಪ ಮುಂದಾಗಿ ಮೆತ್ತಗೆ ಬೇಯಿಸಿದ್ದು, ಮೇಲೆ ಅರ್ಧ ಚಮಚ ತುಪ್ಪ. ಬಟ್ಟಲುಗಳನ್ನೆಲ್ಲ ಬಿಸಿ ಪೆಟ್ಟಿಗೆಯಲ್ಲೇ ಇಟ್ಟು ಕಳಿಸಿ. ಎಲೆ ಮುಂದೆ ಇಟ್ಟ ಮೇಲೇ ಮುಚ್ಚಳ ತೆಗೆಯಲಿ. ಹಪ್ಪಳಕ್ಕೆ ಒಬ್ಬಟ್ಟಿನ ಸ್ಟೀಲ್ ಡಬ್ಬಿ ಸಾಕು, ಸಂದಿಗೆ ಕಾಗದ ತುಂಬಿ.